ಅನುಮಾನದ ಅಂಗಡಿಯಲ್ಲಿ ನಾನೂ ಕೂಲಿ ಮಾಡಿದ್ದೆ

ನಮ್ಮ ಮನೆಯ ಟೀವಿ ಸ್ಟ್ಯಾಂಡಿನ ಮೇಲೆ ಒಂದು ಕಪ್ ಇದೆ. ಅಂತರಕಾಲೇಜು ಚರ್ಚಾ ಸ್ಪರ್ಧೆಯಲ್ಲಿ ನನಗೆ ಬಂದ ಮೊದಲ ಬಹುಮಾನ. ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಾಳೆ. ‘ಯಾವ ವಿಷಯಕ್ಕೆ ಬಂದದ್ದಪ್ಪ?’ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ಅದು 2023ರ ಫೆಬ್ರುವರಿ. ನಾನು ಬಿ.ಎಸ್‌ಸಿ. ಅಂತಿಮ ವರ್ಷದಲ್ಲಿದ್ದೆ. ಸ್ಪರ್ಧೆ ನಡೆದದ್ದು ಶಿವಮೊಗ್ಗದಲ್ಲಿ. ವಿಷಯ: ‘ಹವಾಮಾನ ಬದಲಾವಣೆ: ವಾಸ್ತವಕ್ಕಿಂತ ಭಯವೇ ಹೆಚ್ಚು’. ಎರಡು ದಿನ ಮೊದಲು ಚೀಟಿ ಎತ್ತಿದಾಗ ನಮ್ಮ ಕಾಲೇಜಿಗೆ ಬಂದದ್ದು ‘ಪರ’. ಅಂದರೆ, ಭಯವೇ ಹೆಚ್ಚು ಎಂದು ನಾನು ವಾದಿಸಬೇಕು. ನನಗೆ ಸ್ವಂತ ಅಭಿಪ್ರಾಯ ಅಂತೇನೂ ಇರಲಿಲ್ಲ. ಚರ್ಚಾಪಟುವಿಗೆ ಅಭಿಪ್ರಾಯ ಯಾಕೆ, ಚೀಟಿ ಸಾಕಲ್ಲ!

ಹಾಸ್ಟೆಲ್ಲಿನ ಮಂಚದ ಮೇಲೆ ಕುಳಿತು ಮೊಬೈಲ್‌ನಲ್ಲಿ ಹುಡುಕತೊಡಗಿದೆ. ಅರ್ಧ ಗಂಟೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಿಕ್ಕಿತು. ನೂರಾರು ಪುಟಗಳ ಒಂದು ವರದಿ, ಅದರ ಮೇಲೆ ‘ಎನ್‌ಐಪಿಸಿಸಿ’ ಎಂಬ ಹೆಸರು. ವಿಶ್ವಸಂಸ್ಥೆಯ ‘ಐಪಿಸಿಸಿ’ ಗೊತ್ತಿತ್ತು. ಇದೂ ಅದರ ಇನ್ನೊಂದು ಶಾಖೆ ಇರಬೇಕು ಅಂದುಕೊಂಡೆ. ಇನ್ನೊಂದು ಕಡೆ, 31,000ಕ್ಕೂ ಹೆಚ್ಚು ಅಮೆರಿಕನ್ ವಿಜ್ಞಾನಿಗಳು ಜಾಗತಿಕ ತಾಪಮಾನ ಏರಿಕೆಯ ವಾದವನ್ನು ಒಪ್ಪುವುದಿಲ್ಲವೆಂದು ಸಹಿ ಹಾಕಿದ್ದಾರೆ ಎಂಬ ಅರ್ಜಿ. ಮತ್ತೊಂದು ಕಡೆ, ಇಂಗಾಲದ ಡೈಆಕ್ಸೈಡ್ ಮಾಲಿನ್ಯವಲ್ಲ, ಗಿಡಗಳ ಆಹಾರ ಎಂಬ ವಿಡಿಯೊ. ನೋಟ್ಸ್ ಮಾಡಿಕೊಂಡೆ.

ವೇದಿಕೆಯಲ್ಲಿ ನನ್ನ ಐದು ನಿಮಿಷ ಚೆನ್ನಾಗಿಯೇ ಹೋಯಿತು. ‘31,000 ವಿಜ್ಞಾನಿಗಳು ಸುಳ್ಳು ಹೇಳುತ್ತಾರೆಯೇ?’ ಎಂದೆ. ‘ಹಿಮಾಲಯದ ಹಿಮನದಿಗಳು 2035ಕ್ಕೆ ಮಾಯವಾಗುತ್ತವೆ ಎಂದು ಬರೆದು, ಆಮೇಲೆ ತಪ್ಪಾಯಿತು ಎಂದು ಒಪ್ಪಿಕೊಂಡವರು ಇದೇ ಐಪಿಸಿಸಿಯವರಲ್ಲವೇ?’ ಎಂದೆ. ಕೊನೆಗೆ, ‘ಪರಿಸರವಾದಿಗಳಿಗೆ ನಮ್ಮ ಭಯವೇ ಬಂಡವಾಳ’ ಎಂದು ಮುಗಿಸಿದಾಗ ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ನನ್ನ ಎದುರು ಮಾತನಾಡಿದ ಹುಡುಗಿ ಅವರ ಊರಿನ ಬಾವಿಗಳು ಒಂದೊಂದಾಗಿ ಬತ್ತಿದ ಕಥೆ ಹೇಳಿದಳು. ಅವಳ ಬಳಿ 31,000ದಂಥ ಅಂಕಿ ಇರಲಿಲ್ಲ. ಸೋತಳು.

ಮಾರನೆಯ ವಾರ ನಮ್ಮ ಸಸ್ಯಶಾಸ್ತ್ರದ ಮೇಡಂ ಅಭಿನಂದಿಸಿದರು. ಜತೆಗೆ ಒಂದೇ ಪ್ರಶ್ನೆ ಕೇಳಿದರು: ‘ಆ 31,000 ಜನ ಯಾರು ಅಂತ ನೋಡಿದ್ದೀಯಾ?’ ನೋಡಿರಲಿಲ್ಲ. ‘ನೋಡು’ ಎಂದಷ್ಟೇ ಹೇಳಿ ಲ್ಯಾಬಿಗೆ ಹೋದರು.

ನೋಡಿದೆ. ಅದರ ಹೆಸರು ‘ಒರೆಗಾನ್ ಅರ್ಜಿ’. 1998ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಹಂಚಿದ್ದು. ಸಹಿ ಹಾಕಲು ಹವಾಮಾನ ವಿಜ್ಞಾನಿಯೇ ಆಗಿರಬೇಕಿಲ್ಲ. ವಿಜ್ಞಾನದ ಯಾವುದಾದರೂ ಶಾಖೆಯಲ್ಲಿ ಒಂದು ಪದವಿ ಇದ್ದರೆ ಸಾಕು. ಎಂಜಿನಿಯರ್, ವೈದ್ಯ, ಪಶುವೈದ್ಯ, ಯಾರಾದರೂ ಆಗಬಹುದು. ಅರ್ಜಿ ನಡೆಸುವವರೇ ಕೊಟ್ಟ ವಿಂಗಡಣೆಯಲ್ಲಿ ಹವಾಗುಣ ಶಾಸ್ತ್ರದವರು ಎಂದು ಲೆಕ್ಕಕ್ಕೆ ಬಂದವರು 39 ಮಂದಿ. ಸ್ಪೈಸ್ ಗರ್ಲ್ಸ್ ಗಾಯಕಿಯೊಬ್ಬಳ ಹೆಸರೂ ಶುರುವಿನಲ್ಲಿ ಆ ಪಟ್ಟಿಯೊಳಗೆ ನುಸುಳಿತ್ತು. ಅರ್ಜಿಯ ಜತೆ ಕಳುಹಿಸಿದ್ದ ಲೇಖನವನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಲೇಖನದಂತೆಯೇ ಕಾಣುವ ಹಾಗೆ ಮುದ್ರಿಸಲಾಗಿತ್ತು. ಇದು ನಮ್ಮದಲ್ಲ ಎಂದು ಅಕಾಡೆಮಿಯೇ ಹೇಳಿಕೆ ಕೊಡಬೇಕಾಯಿತು.

ಒಂದು ಪದವಿ ಸಾಕು ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ನಾಲ್ಕು ತಿಂಗಳಲ್ಲಿ ನನ್ನ ಕೈಗೂ ಬಿ.ಎಸ್‌ಸಿ. ಸರ್ಟಿಫಿಕೇಟ್ ಬರುವುದಿತ್ತು. ನಾನು ಅಮೆರಿಕದಲ್ಲಿ ಇದ್ದಿದ್ದರೆ ಆ ಪಟ್ಟಿಯ ಲೆಕ್ಕದಲ್ಲಿ ನಾನೂ ಒಬ್ಬ ‘ವಿಜ್ಞಾನಿ’!

ಇನ್ನು ನನ್ನ ದಪ್ಪ ವರದಿ. ಐಪಿಸಿಸಿಯನ್ನು 1988ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಸ್ಥಾಪಿಸಿದವು. ಎನ್‌ಐಪಿಸಿಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದರ ವರದಿಗಳನ್ನು ಪ್ರಕಟಿಸುತ್ತಿದ್ದದ್ದು ಷಿಕಾಗೊ ಮೂಲದ ಹಾರ್ಟ್‌ಲ್ಯಾಂಡ್ ಇನ್‌ಸ್ಟಿಟ್ಯೂಟ್ ಎಂಬ ಪ್ರಚಾರ ಸಂಸ್ಥೆ. ಹೆಸರಿಗೆ ಒಂದು ಅಕ್ಷರ ಸೇರಿಸಿದರೆ ನನ್ನಂಥ ಹುಡುಗರು ಮೋಸಹೋಗಲು ಸಾಕಾಗುತ್ತದೆ. ಇದೇ ಸಂಸ್ಥೆ 1990ರ ದಶಕದಲ್ಲಿ ಸಿಗರೇಟು ಕಂಪನಿ ಫಿಲಿಪ್ ಮೋರಿಸ್ ಜತೆ ಸೇರಿ, ಬೇರೆಯವರು ಬಿಟ್ಟ ಹೊಗೆಯಿಂದ ಆರೋಗ್ಯಕ್ಕೆ ಹಾನಿಯೇ ಎಂದು ಪ್ರಶ್ನೆ ಎತ್ತುತ್ತಿತ್ತು. 2012ರ ಮೇ ತಿಂಗಳಲ್ಲಿ ಷಿಕಾಗೊದ ಹೆದ್ದಾರಿ ಬದಿಯಲ್ಲಿ ಒಂದು ಫಲಕ ನಿಲ್ಲಿಸಿತು. ಅದರಲ್ಲಿ ಅಂಚೆ ಬಾಂಬ್ ಕಳುಹಿಸಿ ಜನರನ್ನು ಕೊಂದ ಟೆಡ್ ಕಝಿನ್‌ಸ್ಕಿಯ ಮುಖ. ಅವನು ಈಗಲೂ ತಾಪಮಾನ ಏರಿಕೆಯನ್ನು ನಂಬುತ್ತಾನೆ, ನೀವು? ಎಂಬರ್ಥದ ಮಾತು. ಎಷ್ಟು ಟೀಕೆ ಬಂತೆಂದರೆ ಒಂದೇ ದಿನದಲ್ಲಿ ಇಳಿಸಬೇಕಾಯಿತು. ‘ಭಯವೇ ಬಂಡವಾಳ’ ಎಂದು ನಾನು ಹೊಡೆದ ಡೈಲಾಗ್ ಎಂಥವರ ಅಂಗಡಿಯದ್ದು ಎಂದು ಆಗ ಗೊತ್ತಾಯಿತು.

ಎಲ್ಲಕ್ಕಿಂತ ನಾಚಿಕೆಯಾದದ್ದು ‘ಗಿಡಗಳ ಆಹಾರ’ದ ಮಾತಿಗೆ. ಸಸ್ಯಶಾಸ್ತ್ರ ನನ್ನದೇ ವಿಷಯ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಭತ್ತ, ಗೋಧಿಯಂಥ ಬೆಳೆಗಳಲ್ಲಿ ದ್ಯುತಿಸಂಶ್ಲೇಷಣೆ ಹೆಚ್ಚುವುದು ನಿಜ. ಆದರೆ ಹಾಗೆ ಬೆಳೆದ ಕಾಳಿನಲ್ಲಿ ಪ್ರೋಟೀನು, ಕಬ್ಬಿಣ, ಸತು ಕಡಿಮೆಯಾಗುವುದನ್ನು ಪ್ರಯೋಗಗಳು ತೋರಿಸಿವೆ. ನಮ್ಮ ಹೊಲದಲ್ಲಿ ಬೆಳೆಯುವ ರಾಗಿ, ಜೋಳ, ಮೆಕ್ಕೆಜೋಳ ಬೇರೆಯೇ ಜಾತಿ, ಸಿ-4 ಸಸ್ಯಗಳು. ಅವು ಇಂಗಾಲವನ್ನು ಎಲೆಯೊಳಗೇ ಸಾಂದ್ರಗೊಳಿಸಿಕೊಳ್ಳುವುದರಿಂದ ಗಾಳಿಯಲ್ಲಿ ಅದು ಹೆಚ್ಚಾದರೂ ಅವಕ್ಕೆ ದೊಡ್ಡ ಲಾಭವಿಲ್ಲ. ಅವಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾದ ಮಳೆ. ಇದು ಎರಡನೇ ವರ್ಷದ ಪಾಠ. ಪರೀಕ್ಷೆಯಲ್ಲಿ ಚಿತ್ರ ಬರೆದು ಹತ್ತಕ್ಕೆ ಎಂಟು ಅಂಕ ತೆಗೆದಿದ್ದೆ. ವೇದಿಕೆ ಮೇಲೆ ಮರೆತಿದ್ದೆ.

ಅನುಮಾನ ತಯಾರಾದ ಬಗೆ

ಆಮೇಲೆ ಬಿಡಲಾಗಲಿಲ್ಲ. ಪರೀಕ್ಷೆಯ ಓದು ಬಿಟ್ಟು ಇದನ್ನೇ ಓದಿದೆ. ನನಗೆ ಮೊದಲು ಅಚ್ಚರಿ ತಂದದ್ದು ‘ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್’ ಎಂಬ ಕೂಟ. ಹೆಸರು ಕೇಳಿದರೆ ಹವಾಮಾನ ಕಾಪಾಡುವವರ ಒಕ್ಕೂಟ ಅನ್ನಿಸುತ್ತದೆ. ಅದು 1989ರಲ್ಲಿ ಅಮೆರಿಕದಲ್ಲಿ ತೈಲ, ಕಲ್ಲಿದ್ದಲು, ಮೋಟಾರು ಕಂಪನಿಗಳು ಸೇರಿ ಕಟ್ಟಿಕೊಂಡ ಕೂಟ. ಎಕ್ಸಾನ್, ಷೆಲ್, ಫೋರ್ಡ್, ಜನರಲ್ ಮೋಟಾರ್ಸ್ ಅದರಲ್ಲಿದ್ದವು. ಇಂಧನದ ಹೊಗೆಗೆ ಮಿತಿ ಹಾಕುವ ಯಾವ ಒಪ್ಪಂದವೂ ಆಗದಂತೆ ನೋಡಿಕೊಳ್ಳುವುದು ಅದರ ಕೆಲಸ. 1997ರ ಕ್ಯೋಟೊ ಒಪ್ಪಂದವನ್ನು ಅದು ಉದ್ದಕ್ಕೂ ವಿರೋಧಿಸಿತು. ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎಂಬುದು ಅದು ಹೊರಗೆ ಹೇಳುತ್ತಿದ್ದ ಮಾತು.

ಒಳಗಿನ ಮಾತು ಬೇರೆ ಇತ್ತು. 1995ರಲ್ಲಿ ಆ ಕೂಟದ ತಾಂತ್ರಿಕ ಸಮಿತಿಯೇ ಸದಸ್ಯರಿಗೆಂದು ಒಂದು ಟಿಪ್ಪಣಿ ಬರೆದಿತ್ತು. ಹಸಿರುಮನೆ ಪರಿಣಾಮದ ವೈಜ್ಞಾನಿಕ ಆಧಾರ ಗಟ್ಟಿಯಾಗಿದೆ, ಮನುಷ್ಯರು ಬಿಡುವ ಅನಿಲಗಳು ಹವಾಮಾನದ ಮೇಲೆ ಪರಿಣಾಮ ಬೀರಬಲ್ಲವು ಎಂಬುದನ್ನು ಅಲ್ಲಗಳೆಯಲಾಗದು ಎಂಬುದು ಅದರ ಸಾರ. ಈ ಟಿಪ್ಪಣಿ ಹೊರಜಗತ್ತಿಗೆ ಗೊತ್ತಾದದ್ದು 2009ರಲ್ಲಿ, ಕೂಟ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ. ಎಕ್ಸಾನ್ ಕಂಪನಿಯ ಕಥೆಯೂ ಇಂಥದ್ದೇ. 1977ರಿಂದ 2003ರವರೆಗೆ ಆ ಕಂಪನಿಯ ವಿಜ್ಞಾನಿಗಳು ಮಾಡಿದ್ದ ತಾಪಮಾನದ ಮುನ್ಸೂಚನೆಗಳನ್ನು 2023ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯ ಒಂದು ಅಧ್ಯಯನ ಪರಿಶೀಲಿಸಿತು. ಅವುಗಳಲ್ಲಿ ಶೇ 63ರಿಂದ 83ರಷ್ಟು ನಿಖರವಾಗಿದ್ದವು. ಅಂದರೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು.

ಹಾಗಿದ್ದರೂ ಅನುಮಾನ ಯಾಕೆ ಬಿತ್ತಿದರು? ಇದಕ್ಕೆ ಉತ್ತರ 1991ರ ಒಂದು ಪ್ರಚಾರದಲ್ಲಿದೆ. ಕಲ್ಲಿದ್ದಲು ಮತ್ತು ವಿದ್ಯುತ್ ಸಂಸ್ಥೆಗಳು ‘ಪರಿಸರ ಮಾಹಿತಿ ಮಂಡಳಿ’ ಎಂಬರ್ಥದ ಹೆಸರಿಟ್ಟುಕೊಂಡು ಅಮೆರಿಕದ ಮೂರು ಸಣ್ಣ ಊರುಗಳಲ್ಲಿ ಜಾಹೀರಾತು ಪ್ರಯೋಗ ಮಾಡಿದವು. ತಾಪಮಾನ ಏರಿಕೆಯನ್ನು ಸತ್ಯಸಂಗತಿ ಎನ್ನುವ ಬದಲು ಬರೀ ಒಂದು ಸಿದ್ಧಾಂತ ಎಂದು ಜನರ ಮನಸ್ಸಿನಲ್ಲಿ ಕೂರಿಸುವುದು ಉದ್ದೇಶವೆಂದು ಅವರ ಕಾಗದಗಳಲ್ಲೇ ಬರೆದಿತ್ತು. ಯಾರನ್ನು ಗುರಿ ಮಾಡಬೇಕು ಎಂಬುದೂ ಇತ್ತು: ಹೆಚ್ಚು ಓದದ ಹಿರಿಯ ಗಂಡಸರು, ಕಡಿಮೆ ಆದಾಯದ ಯುವತಿಯರು. ಭೂಮಿ ಬಿಸಿಯಾಗುತ್ತಿದ್ದರೆ ಮಿನಿಯಾಪೊಲಿಸ್ ಯಾಕೆ ತಣ್ಣಗಾಗುತ್ತಿದೆ ಎಂಬ ಧಾಟಿಯ ಜಾಹೀರಾತು ಬಂದದ್ದು ಆಗಲೇ. ‘ಈ ಸಲ ಡಿಸೆಂಬರ್ ಚಳಿ ನೋಡಿದ್ರಾ, ಎಲ್ಲಿದೆ ನಿಮ್ಮ ತಾಪಮಾನ?’ ಎಂದು ನಮ್ಮ ಗ್ರೂಪುಗಳಲ್ಲಿ ಬರುವ ಜೋಕಿಗೆ ಮೂವತ್ತು ವರ್ಷ ದಾಟಿದೆ.

ಗೆಲ್ಲಲು ಅವರಿಗೆ ಸತ್ಯ ಬೇಕಿರಲಿಲ್ಲ. ‘ಎರಡೂ ಕಡೆ ವಾದವಿದೆಯಂತೆ, ಇನ್ನೂ ಗೊತ್ತಾಗಿಲ್ಲವಂತೆ’ ಎಂದು ಜನ ಅಂದುಕೊಂಡರೆ ಸಾಕಿತ್ತು. ಗೊತ್ತಾಗದ ವಿಷಯಕ್ಕೆ ಯಾವ ಸರ್ಕಾರವೂ ಕಾನೂನು ಮಾಡುವುದಿಲ್ಲ. ಈ ವಿದ್ಯೆಯನ್ನು ಮೊದಲು ಕಲಿಸಿದ್ದು ಸಿಗರೇಟು ಕಂಪನಿಗಳು. ಇತಿಹಾಸಕಾರರಾದ ನವೋಮಿ ಒರೆಸ್ಕಸ್ ಮತ್ತು ಎರಿಕ್ ಕಾನ್ವೆ 2010ರ ತಮ್ಮ ಪುಸ್ತಕದಲ್ಲಿ, ಎರಡೂ ಕಡೆ ಕೆಲವರು ಅದೇ ಜನ ಎಂದು ತೋರಿಸಿದ್ದಾರೆ. ಒರೆಗಾನ್ ಅರ್ಜಿಗೆ ಪತ್ರ ಬರೆದುಕೊಟ್ಟ ಭೌತವಿಜ್ಞಾನಿ ಫ್ರೆಡರಿಕ್ ಸೀಟ್ಸ್ ಅದಕ್ಕೂ ಮೊದಲು ಸಿಗರೇಟು ಕಂಪನಿ ಆರ್.ಜೆ. ರೆನಾಲ್ಡ್ಸ್‌ಗೆ ಸಲಹೆಗಾರರಾಗಿದ್ದವರು.

ಹತ್ತು ಹೆಸರು, ಒಂದೇ ಕೈ

ಇಷ್ಟೆಲ್ಲ ಓದಿದ ಮೇಲೆ ನಾನು ಬುದ್ಧಿವಂತನಾದೆ ಎಂದು ನೀವು ಅಂದುಕೊಳ್ಳಬಹುದು. ನಿಜವಾದ ತಪ್ಪು ಮಾಡಿದ್ದು ಆಮೇಲೆ.

2023ರ ಮುಂಗಾರು ಕೈಕೊಟ್ಟಿತು. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು, ನಮ್ಮದೂ ಅದರಲ್ಲಿತ್ತು. ಆ ಬರಕ್ಕೆ ಎಲ್ ನಿನೊ ಮುಖ್ಯ ಕಾರಣವೆಂದು ತಜ್ಞರು ಹೇಳಿದರು. ಒಂದು ವರ್ಷದ ಬರವನ್ನು ತೋರಿಸಿ ‘ನೋಡಿ, ಹವಾಮಾನ ಬದಲಾವಣೆ’ ಎಂದು ನಾನು ಹೇಳುವುದಿಲ್ಲ. ನಮ್ಮ ಎರಡು ಎಕರೆ ರಾಗಿ ತೆನೆ ಕಟ್ಟಲಿಲ್ಲ ಎಂದಷ್ಟೇ ಹೇಳುತ್ತೇನೆ. ಅದೇ ಹೊತ್ತಿಗೆ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮಾವ ಒಂದು ವಿಡಿಯೊ ಹಾಕಿದರು. ‘ನಮ್ಮ ಹುಡುಗ ಎಷ್ಟು ಚೆನ್ನಾಗಿ ಮಾತಾಡಿದ್ದಾನೆ ನೋಡಿ, ಎಲ್ಲ ಸುಳ್ಳಂತೆ!’ ಅದು ನನ್ನದೇ ಶಿವಮೊಗ್ಗದ ಭಾಷಣ. ಕೆಳಗೆ ಹದಿನೇಳು ಚಪ್ಪಾಳೆ. ತಿದ್ದಿ ಬರೆಯಬೇಕಿತ್ತು. ಹಿರಿಯರ ಮುಂದೆ ಯಾಕೆ ಎಂದು ಸುಮ್ಮನಾದೆ.

ಅಪ್ಪನಿಗೆ ದುಡ್ಡು ಕಳುಹಿಸಲು ಆಗುತ್ತಿರಲಿಲ್ಲ. ನಾನು ಬೆಂಗಳೂರಿನಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುತ್ತ, ಪಿ.ಜಿ. ಬಾಡಿಗೆ ಎರಡು ತಿಂಗಳು ಬಾಕಿ ಇಟ್ಟಿದ್ದೆ. ಆ ವಿಡಿಯೊ ನೋಡಿದ ಯಾರೋ ನನ್ನ ನಂಬರ್ ಹುಡುಕಿ ಒಂದು ಕಂಟೆಂಟ್ ಕಂಪನಿಗೆ ಕೊಟ್ಟರಂತೆ. ‘ಕನ್ನಡ ಚೆನ್ನಾಗಿದೆ, ಮನೆಯಲ್ಲೇ ಕೂತು ಬರೆಯಿರಿ’ ಎಂದರು. ಮೊದಲ ತಿಂಗಳು ಹೋಟೆಲ್, ಪ್ರವಾಸಿ ತಾಣ, ಕೂದಲಿನ ಎಣ್ಣೆ. ದುಡ್ಡು ಸರಿಯಾಗಿ ಬಂತು. ಎರಡನೇ ತಿಂಗಳು ಒಂದು ಹೊಸ ಕೆಲಸ ಬಂತು. ಯಾವುದೋ ಒಂದು ಯೋಜನೆ, ಅದನ್ನು ಒಂದಿಷ್ಟು ಪರಿಸರ ಹೋರಾಟಗಾರರು ವಿರೋಧಿಸುತ್ತಿದ್ದಾರೆ. ಹೋರಾಟಗಾರರು ಅಭಿವೃದ್ಧಿಗೆ ಅಡ್ಡಿ, ಅವರು ಹೊರಗಿನವರು ಎಂದು ಪತ್ರಿಕೆಗಳಿಗೆ ಹತ್ತು ಓದುಗರ ಪತ್ರ ಬರೆಯಬೇಕು. ಹತ್ತು ಹೆಸರು, ಹತ್ತು ಊರು, ವಯಸ್ಸು, ಕಸುಬು ಎಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಕೊಟ್ಟಿದ್ದರು. ‘ಭಾಷೆ ಬೇರೆ ಬೇರೆ ಥರ ಇರಲಿ, ಸ್ವಲ್ಪ ತಪ್ಪುಗಳೂ ಇರಲಿ’ ಎಂಬ ಸೂಚನೆ ಬೇರೆ.

ನಾಲ್ಕು ಬರೆದೆ. ನಿವೃತ್ತ ಶಿಕ್ಷಕ, ಆಟೊ ಚಾಲಕ, ಅಂಗಡಿಯವನು, ಡಿಪ್ಲೊಮಾ ಮುಗಿಸಿದ ನಿರುದ್ಯೋಗಿ. ಕೊನೆಯವನದ್ದು ಬಹಳ ಚೆನ್ನಾಗಿ ಬಂತು, ಯಾಕೆಂದರೆ ಅವನು ನಾನೇ. ಐದನೆಯದು, ‘ರೈತ ಮಹಿಳೆ, 48 ವರ್ಷ’. ಹೇಗೆ ಮಾತನಾಡುತ್ತಾಳೆ ಎಂದು ಯೋಚಿಸಿದೆ. ಅಮ್ಮನಿಗೂ 48. ‘ನಮ್ಮಂಥೋರ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ’ ಎಂದು ಶುರು ಮಾಡಿದೆ. ಬರೆದದ್ದನ್ನು ಓದಿದರೆ ಅಮ್ಮನ ದನಿಯೇ ಕೇಳಿಸಿತು. ಆ ಊರಿನ ಹೆಂಗಸರು ಯೋಜನೆ ಬೇಕು ಅನ್ನುತ್ತಾರೋ ಬೇಡ ಅನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ. ಕೇಳುವ ಬದಲು ನನಗೆ ದುಡ್ಡು ಕೊಟ್ಟಿದ್ದರು.

ಲ್ಯಾಪ್‌ಟಾಪ್ ಮುಚ್ಚಿದೆ. ಆಗುವುದಿಲ್ಲ ಎಂದು ಮೆಸೇಜ್ ಹಾಕಿದೆ. ನಾಲ್ಕು ಪತ್ರಗಳ ದುಡ್ಡು ಮೊದಲೇ ಬಂದಿತ್ತು, ಬಾಡಿಗೆಗೆ ಹೋಗಿತ್ತು. ಅವು ಎಲ್ಲಾದರೂ ಅಚ್ಚಾದವೋ ಇಲ್ಲವೋ ಹುಡುಕಿ ನೋಡುವ ಧೈರ್ಯ ಇವತ್ತಿಗೂ ಇಲ್ಲ.

ಆಮೇಲೆ ತಿಳಿಯಿತು, ಇದೂ ಹೊಸದಲ್ಲ. 2009ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಹವಾಮಾನ ಮಸೂದೆಯೊಂದು ಮತಕ್ಕೆ ಬರುವುದಿತ್ತು. ವರ್ಜಿನಿಯಾದ ಸಂಸದ ಟಾಮ್ ಪೆರಿಯೆಲ್ಲೊ ಅವರಿಗೆ ಮಸೂದೆ ವಿರೋಧಿಸಿ ಪತ್ರಗಳು ಬಂದವು. ಒಂದು ಲ್ಯಾಟಿನೊ ಸಮುದಾಯದ ಸ್ಥಳೀಯ ಸಂಘದ ಹೆಸರಿನಲ್ಲಿ, ಇನ್ನು ಕೆಲವು ಕಪ್ಪುಜನರ ಹಕ್ಕುಗಳ ಸಂಘಟನೆಯ ಹೆಸರಿನಲ್ಲಿ. ಆ ಸಂಘಗಳು ಬರೆದೇ ಇರಲಿಲ್ಲ. ಕಲ್ಲಿದ್ದಲು ವಿದ್ಯುತ್ತಿನ ಪರ ಪ್ರಚಾರ ಮಾಡುವ ಒಂದು ಒಕ್ಕೂಟದ ಕೆಲಸವನ್ನು ಒಳಗುತ್ತಿಗೆ ಪಡೆದಿದ್ದ ಬಾನರ್ ಅಂಡ್ ಅಸೋಸಿಯೇಟ್ಸ್ ಎಂಬ ಲಾಬಿ ಸಂಸ್ಥೆಯಿಂದ ಹೋದ ನಕಲಿ ಪತ್ರಗಳವು. ಮತದಾನಕ್ಕೆ ಮೊದಲೇ ಒಕ್ಕೂಟಕ್ಕೆ ವಿಷಯ ಗೊತ್ತಾಗಿದ್ದರೂ ಸಂಸದರಿಗೆ ತಿಳಿದದ್ದು ಮತದಾನ ಮುಗಿದ ಮೇಲೆ. ಮಸೂದೆ 219–212 ಮತಗಳಿಂದ ಅಲ್ಲಿ ಪಾಸಾಯಿತು, ಸೆನೆಟ್‌ನಲ್ಲಿ ಸತ್ತುಹೋಯಿತು. ನಕಲಿ ಪತ್ರಗಳಿಗೆ ಯಾರು ಹೊಣೆ ಎಂದಾಗ ಆ ಸಂಸ್ಥೆ ಹೇಳಿದ್ದು: ಒಬ್ಬ ತಾತ್ಕಾಲಿಕ ನೌಕರ ಮಾಡಿದ್ದು, ಅವನನ್ನು ತೆಗೆದುಹಾಕಿದ್ದೇವೆ.

ಒಬ್ಬ ತಾತ್ಕಾಲಿಕ ನೌಕರ. ಕೆಲಸ ಹುಡುಕುತ್ತಿರುವ ಗೆಳೆಯರೇ, ಈ ಸಾಲನ್ನು ಮರೆಯಬೇಡಿ. ಅನುಮಾನದ ಅಂಗಡಿಯ ಮಾಲೀಕರ ಹೆಸರು ಫಲಕದ ಮೇಲೆ ಇರುವುದಿಲ್ಲ. ಸಿಕ್ಕಿಬಿದ್ದಾಗ ಕೂಲಿಯವನ ತಲೆಗೇ ಕಟ್ಟಲಾಗುತ್ತದೆ.

ಪ್ರಶ್ನೆ ಕೇಳುವುದೇ ತಪ್ಪೇ?

ಹಾಗಾದರೆ ಪರಿಸರವಾದಿಗಳನ್ನು, ವಿಜ್ಞಾನಿಗಳನ್ನು ಯಾರೂ ಪ್ರಶ್ನಿಸಬಾರದೇ? ಖಂಡಿತ ಪ್ರಶ್ನಿಸಬೇಕು. ನನ್ನ ಭಾಷಣದಲ್ಲಿ ನಿಜವಾಗಿದ್ದ ಒಂದು ಮಾತು 2035ರದ್ದು. ಐಪಿಸಿಸಿಯ 2007ರ ವರದಿಯಲ್ಲಿ ಆ ತಪ್ಪು ಇತ್ತು. ಹಿಮಾಲಯದ ಹಿಮನದಿಗಳನ್ನು ಬಲ್ಲವರು, ನಮ್ಮ ದೇಶದವರೂ ಸೇರಿ, ಅದನ್ನು ಪ್ರಶ್ನಿಸಿದರು. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪೊಪ್ಪಿಕೊಂಡಿತು. ನಾನು ಮುಚ್ಚಿಟ್ಟದ್ದು ಏನೆಂದರೆ, ಹಿಮನದಿಗಳು ಕರಗುತ್ತಿವೆ ಎಂಬುದು ಆಗಲೂ ಸುಳ್ಳಾಗಲಿಲ್ಲ, ತಪ್ಪಾದದ್ದು ಇಸವಿ. ಒಂದು ತಪ್ಪಿನಿಂದ ಇಡೀ ಶಾಸ್ತ್ರವನ್ನೇ ಸುಳ್ಳೆಂದದ್ದು ನನ್ನ ಕೈಚಳಕ.

ಇನ್ನೊಂದು ಉದಾಹರಣೆ ರಿಚರ್ಡ್ ಮುಲ್ಲರ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಭೌತವಿಜ್ಞಾನಿ. ತಾಪಮಾನದ ಲೆಕ್ಕಗಳ ಮೇಲೆ ಅವರಿಗೆ ನಿಜವಾಗಿಯೂ ಅನುಮಾನವಿತ್ತು. ಬೇರೆಯವರನ್ನು ಬೈಯುತ್ತ ಕೂರದೆ ತಾವೇ ತಂಡ ಕಟ್ಟಿ ಹಳೆಯ ದಾಖಲೆಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿದರು. ದುಡ್ಡು ಕೊಟ್ಟವರಲ್ಲಿ ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. 2012ರಲ್ಲಿ ಮುಲ್ಲರ್ ಪತ್ರಿಕೆಯಲ್ಲಿ ಬರೆದರು: ಭೂಮಿ ಬಿಸಿಯಾಗುತ್ತಿರುವುದು ನಿಜ, ಅದಕ್ಕೆ ಕಾರಣ ಬಹುಪಾಲು ಮನುಷ್ಯರೇ. ಇದು ಪ್ರಾಮಾಣಿಕ ಅನುಮಾನ. ಉತ್ತರ ಸಿಕ್ಕಿದ ಕೂಡಲೇ ಅದು ನಿಲ್ಲುತ್ತದೆ. ಕೂಲಿಯ ಅನುಮಾನಕ್ಕೆ ಉತ್ತರ ಬೇಕಿಲ್ಲ. ದುಡ್ಡು ಬರುವವರೆಗೂ ಅದು ಮುಂದುವರಿಯುತ್ತದೆ.

ಈಗ ನಾನು ಯಾವುದೇ ಲೇಖನ, ವರದಿ, ವಿಡಿಯೊ ನೋಡಿದರೂ ಮೂರು ವಿಷಯ ಹುಡುಕುತ್ತೇನೆ. ಈ ಸಂಸ್ಥೆಗೆ ದುಡ್ಡು ಎಲ್ಲಿಂದ? ಇವರು ಹಿಂದೆ ಹೇಳಿದ್ದು ತಪ್ಪಾದಾಗ ಎಂದಾದರೂ ಒಪ್ಪಿಕೊಂಡಿದ್ದಾರೆಯೇ? ‘ಜನ ಹೇಳುತ್ತಾರೆ’ ಎನ್ನುವಾಗ ಆ ಜನರಿಗೆ ಹೆಸರು, ವಿಳಾಸ ಇದೆಯೇ? ಪರಿಸರದ ಪರ ಮಾತನಾಡುವವರಿಗೂ ಇದೇ ಮೂರು ಪ್ರಶ್ನೆ. ಅವರಿಗೆ ವಿನಾಯಿತಿ ಇಲ್ಲ.

ಕಳೆದ ವರ್ಷ ನಮ್ಮ ಕಾಲೇಜಿನ ಜೂನಿಯರ್‌ಗಳು ಚರ್ಚಾ ಸ್ಪರ್ಧೆಗೆ ತಯಾರು ಮಾಡಲು ಕರೆದರು. ಹೆಚ್ಚುಕಡಿಮೆ ಅದೇ ವಿಷಯ, ಒಬ್ಬ ಹುಡುಗನಿಗೆ ಅದೇ ‘ಪರ’. ‘ಸರ್, ನಿಮ್ಮ ಹಳೇ ಸ್ಪೀಚ್ ಕೊಡಿ’ ಎಂದ. ಕೊಡಲಿಲ್ಲ. ಬದಲಿಗೆ, ಆ ಕಡೆ ನಿಂತೂ ಪ್ರಾಮಾಣಿಕವಾಗಿ ಹೇಳಬಹುದಾದದ್ದನ್ನು ಇಬ್ಬರೂ ಕೂತು ಹುಡುಕಿದೆವು. ಬರೀ ಹೆದರಿಸಿದರೆ ಜನ ಕೈಚೆಲ್ಲಿ ಕೂರುತ್ತಾರೆ, ಕಲ್ಲಿದ್ದಲು ಗಣಿ ಮುಚ್ಚಿದರೆ ಅಲ್ಲಿಯ ಕಾರ್ಮಿಕನಿಗೆ ಬೇರೆ ಕೆಲಸ ಏನು, ಬಡ ದೇಶಗಳಿಗೂ ವಿದ್ಯುತ್ ಬೇಕಲ್ಲವೇ. ಇವೆಲ್ಲ ನಿಜವಾದ ಪ್ರಶ್ನೆಗಳೇ. ‘ಯಾರು ಎಣಿಸಿದ್ದು ಅಂತ ಗೊತ್ತಿಲ್ಲದ ಒಂದು ಅಂಕಿಯನ್ನೂ ಬಳಸಬೇಡ’ ಎಂದು ಮಾತ್ರ ಹೇಳಿದೆ.

ಅವನಿಗೆ ಮೂರನೇ ಬಹುಮಾನ ಬಂತು. ಫೋನ್ ಮಾಡಿ, ‘ಸರ್, ಶಿಳ್ಳೆ ಬೀಳಲಿಲ್ಲ. ಆದರೆ ಪ್ರಶ್ನೋತ್ತರದಲ್ಲಿ ಯಾರು ಏನು ಕೇಳಿದರೂ ಉತ್ತರ ಇತ್ತು’ ಎಂದ. ಆ ರಾತ್ರಿ ಊರಿನ ಗ್ರೂಪು ತೆರೆದು, ಮಾವನ ಹಳೆಯ ಪೋಸ್ಟ್ ಹುಡುಕಿ, ಕೆಳಗೆ ಬರೆದೆ: ‘ಈ ವಿಡಿಯೊದಲ್ಲಿ ನಾನು ಹೇಳಿದ್ದರಲ್ಲಿ ತಪ್ಪುಗಳಿವೆ. ಯಾವುದು ಅಂತ ಕೇಳಿದವರಿಗೆ ಹೇಳುತ್ತೇನೆ.’ ಇಲ್ಲಿಯವರೆಗೆ ಇಬ್ಬರು ಕೇಳಿದ್ದಾರೆ. ಅದರಲ್ಲಿ ಒಬ್ಬರು ಮಾವ.